ತಾಟಿನ ಕಣ್ಣು

ಮುದಗಲ್ಲಿನಿಂದ ಬಂದಿದ್ದ ಉಪದೇಶಿ ಚೌರಪ್ಪ.
ಹೆಗಲಿಗೊಂದು ಚೀಲ, ಚೀಲದಲ್ಲಿ
ಗೆದ್ದಲು ತಿಂದುಳಿದ ಮೊಂಡು ಗೊಂಬೆ.
"ಲೂಸಿಯಮ್ಮ ಈಕಿ. ಮೊದಲಿದ್ದಂಗ ಮಾಡಿಕೊಡ್ರಿ.
ಡಿಸೆಂಬರ್ ಹದಿಮೂರಕ್ಕ ಹಬ್ಬ."
ಮೊದಲು ಹೇಗಿದ್ದಳೋ ಅವನೂ ಕಂಡಿರಲಿಲ್ಲ.

ಕಿನ್ನಾಳದ ನಮ್ಮ ಓಣಿಗೆ ಗೌರಿ ಗೊತ್ತು, ಗರುಡ ಗೊತ್ತು,
ದುರಗವ್ವನ ಹತ್ತೂ ಕೈಗಳ ಲೆಕ್ಕ ಗೊತ್ತು.
ಚೌರಪ್ಪ ಪಡಸಾಲೆಯಲ್ಲಿ ಹಳೆಯ ಪಟಗಳ ಹರವಿದ.
ಒಬ್ಬ ಕಬ್ಬಿಣದ ಜಾಲರಿಗೆ ಒರಗಿ ನಿಂತಿದ್ದಾನೆ,
ಅದರ ಮೇಲೆಯೇ ಅವನನ್ನು ಸುಟ್ಟರಂತೆ,
"ಈ ಮಗ್ಗಲ ಬೆಂದೈತಿ, ಹೊಳ್ಳಿಸ್ರಿ" ಅಂದನಂತೆ.
ಮಾವ ರೊಟ್ಟಿ ನೆನಪಾಗಿ ನಕ್ಕುಬಿಟ್ಟರು,
ಆಮೇಲೆ ಸುಮ್ಮನಾದರು.
ಒಬ್ಬಳ ಪಕ್ಕ ಹಲ್ಲು ಮುರಿದ ಗಾಲಿ.
ಒಬ್ಬ ತನ್ನದೇ ಚರ್ಮ ತೋಳಿಗೆ ಹಾಕಿಕೊಂಡು
ಪೇಟೆಗೆ ಹೊರಟವನ ಹಾಗೆ.
ಬಾರ್ಬರಮ್ಮನ ಬೆನ್ನಿಗೆ ಕಲ್ಲಿನ ಬುರುಜು;
ಚೌರಪ್ಪನ ತಮ್ಮ ಹಟ್ಟಿಯ ಗಣಿಗಿಳಿಯುವ ಮುನ್ನ
ಇವಳ ಹೆಸರೊಂದು ಹೇಳಿ ಇಳಿಯುತ್ತಾನಂತೆ.

ಹುಣಸೆಬೀಜ ಅರೆಯುತ್ತ ನಾನಂದೆ:
"ನಮ್ಮ ದುರಗವ್ವ ತಾ ಕೊಂದ ತ್ರಿಶೂಲ ಹಿಡದಿರತಾಳ.
ಇವರು ತಮ್ಮನ್ನ ಕೊಂದದ್ದನ್ನ ಹಿಡದು ನಿಂತಾರ."
ಯಾರೂ ಮಾತಾಡಲಿಲ್ಲ. ಒರಳು ಮಾತ್ರ ತಿರುಗಿತು.
ಆ ಲೆಕ್ಕದಲ್ಲಿ ನಮ್ಮಕ್ಕ ಕೆಂಚವ್ವನ ಕೈಗೆ
ಪಂಪ್ ಸ್ಟೋ ಒಂದು ಮಾಡಬೇಕಾಗುತ್ತದೆ.

ಲೂಸಿಯಮ್ಮನ ಕಥೆ ಇಷ್ಟು. ಕಡಲ ನಡುವಿನ ಊರು.
ಮದುವೆ ಒಲ್ಲೆ ಎಂದಳು,
ವರದಕ್ಷಿಣೆಗಿಟ್ಟ ಹೊನ್ನು ಬಡವರಿಗೆ ಹಂಚಿದಳು.
ಹಿಡಿದೊಯ್ಯಲು ಬಂದವರು ಎತ್ತು ಕಟ್ಟಿ ಎಳೆದರು,
ಜೋಡಿಯ ಮುಂದೆ ಜೋಡಿ ಹೂಡಿದರು, ಮಿಣಿ ಹರಿಯಿತು,
ಹುಡುಗಿ ಅಲ್ಲಾಡಲಿಲ್ಲ.
ಕಣ್ಣು ಚಂದ ಅಂದವನಿಗೆ
ಕಣ್ಣನ್ನೇ ಕಿತ್ತು ಕಳಿಸಿದಳೆಂದು ಕೆಲವರು,
ಅಲ್ಲ, ಸಿಪಾಯಿಗಳು ಕಿತ್ತರೆಂದು ಕೆಲವರು.
"ಎರಡೂ ಹೇಳ್ತಾರ್ರೀ," ಚಹಾ ಊದುತ್ತ ಚೌರಪ್ಪ,
"ಅಂತೂ ಕಣ್ಣು ತಾಟಿನ್ಯಾಗ ಬಂದ್ವು."

"ಹಂಗಾದ್ರ ಮುಖದಾಗ?"
"ಮುಖದಾಗೂ ಅದಾವ್ರಿ. ದೇವರು ಬ್ಯಾರೆ ಕೊಟ್ಟ."

ಎತ್ತಿಗೆ ಬಗ್ಗದವಳನ್ನು ಪೊಳಕಿ ಮರದಲ್ಲಿ ಕಡೆದೆವು,
ಕೂಸೂ ಎತ್ತೀತು, ಅಷ್ಟು ಹಗುರ.
ಗೋಣಿನಾರು, ಕಿಟ್ಟ, ಬಿಳಿಕಲ್ಲ ಪುಡಿ,
ಸೀರೆಯೋ ನಿಲುವಂಗಿಯೋ ತಿಳಿಯದ ಹಸಿರು ನೆರಿಗೆ.

ಕಣ್ಣು ತೆಗೆಯುವುದು ಮಾವನ ಕೆಲಸ,
ನಸುಕಿನಲ್ಲಿ ಮಿಂದು, ಅಡ್ಡ ಪಂಚೆ ಕಟ್ಟಿ,
ಎದುರಿಗೆ ಕನ್ನಡಿ ಇಟ್ಟು. ಹೆಂಗಸರು ಆಚೆ.
ಮೂವತ್ತು ವರ್ಷ ನಾನು ಆಚೆಯೇ ಇದ್ದವಳು,
ರೆಪ್ಪೆಯವರೆಗೆ ಬಣ್ಣ ತಂದು ನಿಲ್ಲುವವಳು.
ಅಂದು ಪಂಚೆಯೊಳಗಿಂದ ದನಿ:
"ಹುಲಿಗೆವ್ವಾ, ಮುಖದ್ದು ಮುಗೀತು.
ತಾಟಿನವಕ್ಕ ಶಾಸ್ತ್ರದಾಗ ಏನೂ ಹೇಳಿಲ್ಲ.
ಅವು ನೀ ತಗಿ."

ಅಳಿಲುಬಾಲದ ಕುಂಚ.
ಬೆರಳು ನಡುಗಲಿಲ್ಲ ಎಂದರೆ ಸುಳ್ಳು.
ಬಾದಾಮಿಯಷ್ಟು ಎರಡು ಬಿಳುಪು, ನಡುವೆ ಕಪ್ಪಿಡಬೇಕು.
ಬಲಗಣ್ಣು ನೆಟ್ಟಗೆ ಬಂತು.
ಎಡಗಣ್ಣಿನ ಬೊಂಬೆಯನ್ನು
ಕೂದಲೆಳೆಯಷ್ಟು ಮೂಗಿನತ್ತ ಸರಿಸಿದೆ,
ತಾಟಿನಲ್ಲಿ ಮೂಗೆಲ್ಲಿ, ಆದರೂ.
ಅಕ್ಕನ ಮಾಲುಗಣ್ಣು. ನಕ್ಕರೆ ಇನ್ನೂ ಒಳಸರಿಯುತ್ತಿತ್ತು.
ಮಾವ ನೋಡಿದರು. ನೋಡಿ, ಕುಂಚ ತೊಳೆದಿಟ್ಟರು.

ಕುಷ್ಟಗಿ ಬಸ್ಸಿನಲ್ಲಿ ಕಂಡಕ್ಟರ್ ತಡೆದನಂತೆ,
ಚೌರಪ್ಪ ಆಮೇಲೆ ಫೋನಿನಲ್ಲಿ ಹೇಳಿದ್ದು.
"ತೊಡಿ ಮ್ಯಾಲೆ ಏನದು?"
"ಹೆಣ್ಣಮಗಳ್ರೀ."
"ಹೆಣ್ಣಮಗಳಾದ್ರ ರೊಕ್ಕಿಲ್ಲ. ಆಧಾರ್ ತೋರಸು."
ಬಸ್ಸೆಲ್ಲ ನಕ್ಕಿತಂತೆ. ಎತ್ತಿಗೆ ಕದಲದವಳು
ತಗ್ಗು ದಿನ್ನೆಗೆಲ್ಲ ಕುಣಿಯುತ್ತ ಹೋದಳಂತೆ.

ತಾಟು ಮುರಿದೀತೆಂದು ಬೇರೆ ಬಿಡಿಸಿ,
ಅರಳೆ ಸುತ್ತಿ, ಬುತ್ತಿ ಡಬ್ಬಿಯಲ್ಲಿಟ್ಟು ಕೊಟ್ಟಿದ್ದೆ.
ಮುಚ್ಚಳ ಬಿಗಿ ಮಾಡಬ್ಯಾಡ ಅಂದಿದ್ದೆ.
ಅಕ್ಕ ಬದುಕಿದ್ದಾಗ ಕೊಪ್ಪಳ ದಾಟಿದವಳಲ್ಲ.