ದೊಣ್ಣೆನಾಯಕ

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಅಂತೀರಿ.
ಆ ನಾಯಕ ನಾನೇ.
ದೊಣ್ಣೆ ಅಂದರೆ ಇದು: ಒಂದೂವರೆ ಮೀಟರ್ ಅಲ್ಯೂಮಿನಿಯಂ,
ಸೆಂಟಿಮೀಟರಿಗೊಂದು ಕೆಂಪು ಗೀರು,
ತುದಿ ಸವೆದಿದೆ.
ಚಿಲಿಯ ಉತ್ತರಕ್ಕೆ, ಕಳ್ಳಿ ಬೆಳೆದ ಗುಡ್ಡಗಳ ಸೆರಗಿನಲ್ಲಿ
ಹದಿನಾಲ್ಕು ಕಿಲೋಮೀಟರ್ ಕಾಲುವೆಯ ನೀರುಗಂಟಿ,
ಎಲಿಯೊದೋರೊ.
ಸೊಂಟದಲ್ಲಿ ನಲವತ್ತೊಂದು ಬೀಗದ ಕೈ.

ಇಲ್ಲಿ ಮಣ್ಣಿಗೊಂದು ಪತ್ರ, ನೀರಿಗೊಂದು ಪತ್ರ.
ದೋಮಿತಿಲಾ ತನ್ನ ಮೂರು ಷೇರು ನೀರು ಮಾರಿ
ಹಳೆಯ ಟ್ರಕ್ಕೊಂದು ಕೊಂಡಳು.
ಟ್ರಕ್ಕು ಎರಡು ವರ್ಷ ಓಡಿತು.
ನೀರು ಈಗಲೂ ಓಡುತ್ತಿದೆ,
ಅವಳದೇ ಹಿತ್ತಲ ನಡುವೆ,
ಗುಡ್ಡದ ಮೇಲಿನ ಬೆಣ್ಣೆಹಣ್ಣಿನ ಕಂಪನಿಗೆ.

ಒಂದು ರಾತ್ರಿ ನಾಲ್ಕನೇ ತೂಬಿನ ಹತ್ತಿರ
ಬಕೆಟ್ಟು ಮುಳುಗಿದ ಸದ್ದು.
ಟಾರ್ಚ್ ಹಾಕಿದೆ. ಅವಳು ಓಡಲಿಲ್ಲ.
‘ಬರಕೋ’ ಅಂದಳು, ‘ಅಂಜೂರದ ಗಿಡಕ್ಕೆ, ಎರಡು.’

ಬರೆಯುವುದು ಹೇಗೆ?
ನನ್ನ ಪುಸ್ತಕಕ್ಕೆ ಗೊತ್ತಿರುವುದು ಒಂದೇ ಭಾಷೆ:
ಸೆಕೆಂಡಿಗೆ ಇಷ್ಟು ಲೀಟರ್, ಬಿಂದುವಿನಾಚೆ ಎರಡು ಅಂಕಿ.
ಎಂಟೆಂಟು ಲೀಟರಿನ ಎರಡು ಬಕೆಟ್ಟನ್ನು
ಒಂದು ದಿನದ ಎಂಬತ್ತಾರು ಸಾವಿರದ ನಾನೂರು ಸೆಕೆಂಡಿಗೆ
ಹಂಚಿ ನೋಡಿದೆ. ಸೊನ್ನೆ.
ಐವತ್ತಮೂರರ ತನಕ ಸೊನ್ನೆಯೇ.
ಐವತ್ತನಾಲ್ಕನೆಯದು ಕಳವು.
ನಗು ಬಂತು.
ಕಾನೂನಿಗೆ ಅಂಜೂರದ ಬೇರು ಇಳಿಯುವಷ್ಟು ತೂತು!
ಸೊನ್ನೆ ಬರೆದು, ಸಹಿ ಹಾಕಿ, ಮಲಗಿದೆ.

ಯಾರಿಗೂ ಹೇಳಿರಲಿಲ್ಲ.
ಹೆಂಡತಿಗೆ ಮಾತ್ರ.
ಹದಿನೈದು ದಿನದಲ್ಲಿ ದಂಡೆಯ ಅರವತ್ತು ಮನೆಯಲ್ಲೂ
ರಾತ್ರಿಯೆಲ್ಲ ಬಕೆಟ್ಟಿನ ಹಿಡಿ ಕಿಣಿಕಿಣಿ.
ಒಂದೊಂದು ಮನೆ ಸರಿಯಾಗಿ ಐವತ್ತಮೂರು.
ಇಷ್ಟು ನಿಯತ್ತಿನ ಕಳ್ಳರನ್ನು ನಾನು ಕಂಡಿಲ್ಲ.
ಅರವತ್ತು ಸೊನ್ನೆ ಕೂಡಿದರೆ ಸೊನ್ನೆ,
ಪುಸ್ತಕದಲ್ಲಿ.

ಕಾಲುವೆಯ ಬಾಲದಲ್ಲಿ ಬೆಲಿಸಾರಿಯೊ.
ಕಂಪನಿಯವರು ಮೂರು ಸಲ ಬಂದು ಕೇಳಿದರೂ
ಷೇರು ಕೊಡದವನು.
ನಡುರಾತ್ರಿ ಅವನ ಸರದಿ; ಗುದ್ದಲಿಗೆ ಗಲ್ಲವೂರಿ ಕೂತಿದ್ದ,
ಈರುಳ್ಳಿ ಪಾತಿಯ ಬಾಯಿ ತೆರೆದಿಟ್ಟು.
ಎರಡು ಗಂಟೆ ಇಪ್ಪತ್ತು ನಿಮಿಷದ ನೀರು ಬರಲೇ ಇಲ್ಲ.
ಹನಿ ಹನಿ ಕೂಡಿ ಹಳ್ಳವಾಗುವುದಕ್ಕೆ ಗಾದೆ ಉಂಟು,
ಹನಿ ಹನಿಯಾಗಿ ಹಳ್ಳ ಬತ್ತುವುದಕ್ಕೆ ಇಲ್ಲ.

ಅವನು ಬೈಯಲಿಲ್ಲ.
ನನ್ನ ಕೋಲು ಇಸಿದುಕೊಂಡು ಕೆಸರಿಗೆ ಊರಿ
ತನ್ನ ಪಾಲಿನ ಗೀರಿನ ಮೇಲೆ ಉಗುರಿಟ್ಟ.
ಉಗುರಿಗೂ ನೀರಿಗೂ ನಡುವೆ ನಾಲ್ಕು ಬೆರಳು,
ಬರೀ ಗಾಳಿ.

ಬೆಳಗ್ಗೆ ಏಳನೇ ತೂಬಿಗೆ ಹೋದೆ. ಕಂಪನಿಯ ಪಂಪು ಗುಂಯ್ ಅನ್ನುತ್ತಿತ್ತು.
ಅದರ ಮೀಟರಿಗೆ ಮೊದಲಿಂದಲೂ ಬಿಂದುವಿನಾಚೆ ಮೂರು ಅಂಕಿ;
ಅವರ ಪಾಲು ಒಂದು ಲೋಟವೂ ಕಡಿಮೆಯಾಗಿಲ್ಲ.

ದಂಡೆಯ ಮೇಲೇ ಕೂತು ಪುಸ್ತಕ ಬಿಚ್ಚಿ
ಸೊನ್ನೆಗಳ ಬಲಕ್ಕೆ, ಪೆನ್ಸಿಲಿನಲ್ಲಿ,
ಇನ್ನೊಂದು ಮನೆ ಗೀರಿದೆ.
ಮೂರನೇ ಅಂಕಿ ಬಂದರೆ ಐದು ಬಕೆಟ್ಟಿನ ತನಕ ಸೊನ್ನೆ.
ಆರನೆಯದು ಕಳವು.
ಅಂಜೂರಕ್ಕೆ ಎರಡು ಸಾಕು.
ಭಾನುವಾರ ಸಂಘದ ಸಭೆ. ಅರವತ್ತು ಮನೆಯವರೂ ಬರುತ್ತಾರೆ,
ದೋಮಿತಿಲಾ ಮುಂದಿನ ಬೆಂಚಿನಲ್ಲೇ.
ಕೋಲನ್ನು ಒಳಗೆ ಒಯ್ಯಲೋ
ಬಾಗಿಲ ಹೊರಗೆ ಒರಗಿಸಲೋ,
ಯೋಚಿಸುತ್ತಿದ್ದೇನೆ.