ಸೇತುವೆ ಎತ್ತುವವನು

ಕಿವಿಯಿಂದ ಕಿವಿಗೆ ನೆತ್ತಿಯ ಮೇಲೆ ಟೇಪು ಹಿಡಿದು
ನಡುವೆ ಸಿಕ್ಕ ಜಾಗಕ್ಕೆ ಕೆಂಪು ಪೆನ್ಸಿಲ್ಲಿನ ಚುಕ್ಕೆ.
ಅಂಟು ತುಸು ತಣ್ಣಗಿರುತ್ತದೆ, ಎಂದೆ.
‘ಫೆಬ್ರವರಿಯ ಕಾಲುವೆಗಿಂತಲೂ?’ ಎಂದ ವೀಬ್ರೆನ್.
ಮೂವತ್ತೊಂದು ವರ್ಷ ಲೇವಾರ್ಡನ್ ಊರಾಚೆ
ದೋಣಿಗಳಿಗೆ ಸೇತುವೆ ಎತ್ತಿ ಇಳಿಸಿದವನು.
ಎರಡು ಸಲ ಗುಂಡಿಯ ಮುಂದೆಯೇ ಮೂರ್ಛೆ ಬಿದ್ದ ಮೇಲೆ
ಕೀಲಿಕೈ ವಾಪಸು ತೆಗೆದುಕೊಂಡರು.

ನನ್ನ ಕೆಲಸ ಸುಲಭ. ತಂತಿ ಸಿಕ್ಕಿಸುವುದು, ಸುಮ್ಮನಿರುವುದು.
ಪರದೆಯ ಮೇಲೊಂದು ಪುಟ್ಟ ಹಾಯಿದೋಣಿ.
ಸೆಕೆಂಡಿಗೆ ಹದಿಮೂರರ ಆಸುಪಾಸಿನ ಅಲೆ ತಲೆಯೊಳಗೆ ಎದ್ದರೆ
ಮುಂದೆ ಸರಿಯುತ್ತದೆ, ಟಿಂಗ್ ಎನ್ನುತ್ತದೆ.
ಏಳದಿದ್ದರೆ ನಿಂತಲ್ಲೇ ನಿಲ್ಲುತ್ತದೆ.
ಇಷ್ಟೇ. ಎಬ್ಬಿಸುವುದು ಹೇಗೆಂದು ಕೇಳಬೇಡಿ,
ನನಗೂ ಗೊತ್ತಿಲ್ಲ.

ಕೇಳಿದ. ಮೊದಲ ವಾರವಿಡೀ ಅದನ್ನೇ ಕೇಳಿದ.
ಹಲ್ಲು ಕಚ್ಚಿದ: ಪರದೆಯ ತುಂಬ ದವಡೆಯ ಗದ್ದಲ.
ಉಸಿರೆಣಿಸಿದ. ಸತ್ತ ತಾಯಿಯನ್ನು ನೆನೆದ.
ನೂರರಿಂದ ಹಿಂದಕ್ಕೆ ಏಳೇಳು ಕಳೆದ.
ಬೇಕು ಬೇಕೆಂದು ಕೈಚಾಚಿದಷ್ಟೂ
ಆ ಗೆರೆ ನೆಲ ಹಿಡಿಯಿತು.
‘ನನ್ನ ತಲೆ ನನ್ನ ಮಾತೇ ಕೇಳದಿದ್ದರೆ
ಇನ್ಯಾರ ಮಾತು ಕೇಳೀತು?’
ಎದ್ದುಹೋದ,
ಟೊಪ್ಪಿಗೆಯಡಿ ಅಂಟು ಹಾಗೇ ಉಳಿದು.

ಎಲ್ಲರೂ ಹೋದ ಮೇಲೆ ನಾನೂ ಕೂತು ನೋಡಿದ್ದುಂಟು.
ಆರು ವರ್ಷದ ಅನುಭವ, ಗೋಡೆಯ ಮೇಲೆ ಪ್ರಮಾಣಪತ್ರ.
ಹದಿನೇಳು ನಿಮಿಷಕ್ಕೆ ನಾಲ್ಕು ಟಿಂಗ್.
ಅದರಲ್ಲೊಂದು, ಪಕ್ಕದ ಕೋಣೆಯಲ್ಲಿ ಫೋನು ಹೊಡೆದುಕೊಂಡಾಗ
ಏಳಲೋ ಬೇಡವೋ ಎಂದು ತಡೆದ ಗಳಿಗೆಯಲ್ಲಿ.

ಹದಿನಾಲ್ಕನೆಯ ದಿನ ಬಂದ, ಏನನ್ನೂ ಕೇಳಲಿಲ್ಲ.
ಕೂತ. ಬಲಗೈ ತೊಡೆಯ ಮೇಲೆ,
ಏನನ್ನೋ ಹಿಡಿದಂತೆ ಅರೆಮುಚ್ಚಿ.
ಟಿಂಗ್.
ತಂತಿ ಸಡಿಲವಾಗಿದೆಯೇ ಎಂದು ಬಗ್ಗಿ ನೋಡಿದೆ.
ಟಿಂಗ್. ಟಿಂಗ್.
ದೋಣಿ ಹೊರಟೇಬಿಟ್ಟಿತು.

ಆಮೇಲೆ ಹೇಳಿದ, ಪರೀಕ್ಷೆಯಲ್ಲಿ ನಕಲು ಹೊಡೆದವನಂತೆ ನಾಚುತ್ತ:
ಗಾಳದ ಕೋಲಿನ ದಾರಕ್ಕೆ ಒಂಟಿ ಮರದ ಮೆಟ್ಟು ಕಟ್ಟಿ
ನಾವು ಸುಂಕ ಎತ್ತುತ್ತಿದ್ದೆವು.
ಸೇತುವೆ ಮೇಲೆದ್ದಾಗ ದೋಣಿಯತ್ತ ತೂಗಿಬಿಡಬೇಕು.
ಆಮೇಲೆ ಕೈ ಅಲ್ಲಾಡಬಾರದು.
ಮಂಪರಿಗೂ ಜಾರಬಾರದು: ಹಾಯಿಕಂಬ ತಗಲೀತು.
ದೋಣಿಯವನು ಜೇಬು ತಡಕುತ್ತಾನೆ.
ಹಾಕುತ್ತಾನೋ ಇಲ್ಲವೋ, ಅವನ ಧರ್ಮ.
ನಾಣ್ಯ ಬಿದ್ದದ್ದು ಕಣ್ಣಿಗಿಂತ ಮೊದಲು ಕೋಲಿಗೆ ತಿಳಿಯುತ್ತದೆ.
‘ಆ ಕೈಯನ್ನು ಹುಡುಕಿದೆ, ಅಷ್ಟೇ.
ತಲೆಯ ಗೊಡವೆಗೆ ಹೋಗಲಿಲ್ಲ.’

ಮೀನಂಗಡಿಯ ಕಟ್ಟೆಯಡಿ ಕೂತ ಬೆಕ್ಕನ್ನು ನೋಡಿದ್ದೀರಾ?
ಬಾಲದ ತುದಿಯೂ ಮಿಸುಕದು. ಮೈಯೆಲ್ಲ ಕಿವಿ.

ದಾಖಲೆ ಪುಸ್ತಕದಲ್ಲಿ: ಮಾರ್ಚಿನಲ್ಲಿ ಐದು ಮೂರ್ಛೆ,
ಏಪ್ರಿಲ್‌ನಲ್ಲಿ ಮೂರು, ಮೇನಲ್ಲಿ ಮೂರು.
‘ಕಡಿಮೆಯಾಗಿದೆ’ ಎಂದು ಬರೆದು, ಹೊಡೆದುಹಾಕಿದೆ.
ಮಾತ್ರೆಯನ್ನೂ ಬದಲಿಸಿದ್ದರು. ಬೆಳಕೂ ಬದಲಾಗಿತ್ತು,
ಸಂಜೆ ಹತ್ತರವರೆಗೆ ಕಿಟಕಿಯಲ್ಲಿ ನಿಲ್ಲುವಷ್ಟು.
ಆಣೆಯಿಟ್ಟು ನಾನು ಹೇಳಬಲ್ಲದ್ದು
ಆ ಟಿಂಗ್ ಒಂದನ್ನೇ.

ಕೀಲಿಕೈ ಅವನಿಗೆ ಮರಳಿ ಬರುವುದಿಲ್ಲ.
ಈಗ ಎಲ್ಲೋ ದೂರದ ಕೋಣೆಯಲ್ಲಿ ಕ್ಯಾಮೆರಾ ನೋಡುತ್ತ
ಯಾರೋ ಒಬ್ಬಳು ಎಂಟು ಸೇತುವೆ ಎತ್ತಿಳಿಸುತ್ತಾಳೆ; ಸುಂಕವಿಲ್ಲ.
ನಿನ್ನೆ ಸೈಕಲ್ಲಿಳಿದು ಅಲ್ಲಿ ನಿಂತೆ.
ರಸ್ತೆ ನಡುವೆಯೇ ಕಡಿದು ಆಕಾಶಕ್ಕೆ ಸೆಟೆದಿತ್ತು.
ಆಚೆ ದಡದ ಬೆಂಚಿನಲ್ಲಿ ವೀಬ್ರೆನ್,
ಬಲಗೈ ತೊಡೆಯ ಮೇಲೆ, ಅರೆಮುಚ್ಚಿ.
ಕೂಗಲೆಂದು ಬಾಯಿ ತೆರೆದವಳು
ಕೂಗಲಿಲ್ಲ.

ದೋಣಿ ದಾಟುತ್ತಿತ್ತು.