ಅಳತಿ

ಗದಗ ರಸ್ತೇದ ನಮ್ಮ ಶೋರೂಮಿಗೆ
ಅಣ್ಣಿಗೇರಿಯಿಂದ ಗದಿಗೆವ್ವ ಬಂದಳು,
ಬಗಲಾಗ ಒಂದು ಕೈಚೀಲ.

ನಾಲ್ಕು ಗಾಲಿಯ ಕೆಂಪು ಗಾಡೀನ
ನಾ ಹೊಗಳಿದ್ದ ಹೊಗಳಿದ್ದು:
ಗುಡ್ಡ ಏರತೈತಿ, ಹಳ್ಳ ದಾಟತೈತಿ,
ಎಂಥಾ ನೆಲಕ್ಕೂ ಸೈ.

ಬೆಲಿ ಕೇಳಲಿಲ್ಲ ಆಕಿ.
ಕುಕ್ಕರಗಾಲಿಲೆ ಕುಂತು
ಗಾಲಿಯಿಂದ ಗಾಲಿಗೆ ಮೊಳ ಹಾಕಿದಳು.
ಎರಡು ಮೊಳ, ಮ್ಯಾಲೊಂದು ಗೇಣು.
‘ಮೆಣಸಿನಗಿಡದ ಸಾಲಿಗೆ ತುಸು ಅಗಲಾತು’
ಅಂದಳು, ನನಗಲ್ಲ,
ತನಗ ತಾನ.

ಆಮ್ಯಾಲ ಚೀಲ ಬಿಚ್ಚಿದಳು.
ಎರಿ ಮಣ್ಣು!
ಬಿಳಿ ಟೈಲ್ಸಿನ ಮ್ಯಾಲ ಸುರುವಿ,
ಮೇಜಿನ ಮ್ಯಾಲಿನ ನನ್ನ ಬಾಟ್ಲಿ ನೀರು ಹೊಯ್ದು,
ರೊಟ್ಟಿ ಹಿಟ್ಟಿನಂಗ ನಾದಿ,
‘ಇದರಾಗ ಓಡಿಸಿ ತೋರಸಪಾ.
ಉತ್ತರಿ ಮಳಿ ಹಿಡದ್ರ ನಮ್ಮ ಕಡೆ
ಎತ್ತೂ ಕಾಲು ಕೀಳೂದಿಲ್ಲ.’

ಗಾಜಿನ ಹಿಂದ ಮ್ಯಾನೇಜರು ಎದ್ದು ನಿಂತ.
ನಾ ನಕ್ಕೊಂತ ಒಂದು ಹೆಜ್ಜಿ ಇಟ್ಟೆ.
ಕಾಲು ಬಂತು,
ಬೂಟು ಅಲ್ಲೇ.

ಆಕೀನ ಕಿತ್ತು,
ಸೆರಗಿಲೆ ಒರಿಸಿ ಕೊಟ್ಟಳು.
ಬೆಲಿ ಬರೆದ ಕಾಗದಾ ಮಡಚಿ
ಎಲಿಅಡಿಕಿ ಚಂಚಿಯಾಗ ಇಟಗೊಂಡು
ಬಾಗಲದಾಗ ತಿರುಗಿ:
‘ಮಳಿ ಆದ ಮರುದಿನ
ಗಾಡಿ ತಗೊಂಡು ಹೊಲಕ್ಕ ಬಾ.
ಬೂಟು
ಮನ್ಯಾಗ ಬಿಟ್ಟು ಬಾ.’